ಶ್ವಾನನಿದ್ರೆ

ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳನ್ನು ಎಣಿಸುವ ಸಂಸ್ಕೃತ ಸುಭಾಷಿತವೊಂದುಂಟು. ಕಾಗೆಯ ಪ್ರಯತ್ನ, ಕೊಕ್ಕರೆಯ ಏಕಾಗ್ರತೆ, ಮಿತಾಹಾರ, ಗೃಹತ್ಯಾಗ ಇವುಗಳೊಡನೆ ನಾಯಿಯ ನಿದ್ರೆಯೂ ಅಲ್ಲಿ ಸೇರಿದೆ. ಅದನ್ನು ಕೇಳುತ್ತ ಬೆಳೆದ ನಮ್ಮ ಅಧ್ಯಾಪಕವರ್ಗಕ್ಕೆ ಶ್ವಾನನಿದ್ರೆಯೆಂದರೆ ಅಲ್ಪನಿದ್ರೆಯೆಂದೇ ಅರ್ಥ. ಪರೀಕ್ಷೆ ಸಮೀಪಿಸಿತೆಂದರೆ, ನಿದ್ರೆಯನ್ನು ಗೆದ್ದವನೇ ಜಾಣನೆಂಬ ಹೊಗಳಿಕೆ ಕಾಲೇಜಿನ ಮೊಗಸಾಲೆಯಲ್ಲಿ ಕಿವಿಗೆ ಬೀಳುತ್ತದೆ. ಆ ವಿಜಯದ ಫಲವಾದ ಕೆಂಗಣ್ಣುಗಳು ನಾನು ಪಾಠ ಹೇಳುವ ತರಗತಿಯ ಹಿಂದಿನ ಬೆಂಚುಗಳಲ್ಲಿ ಕಾಣಸಿಗುತ್ತವೆ. ಆದರೆ ಸುಭಾಷಿತಕಾರನು ಸಾಕ್ಷಿಗೆ ಕರೆದ ಪ್ರಾಣಿಯನ್ನೇ ವಿಚಾರಿಸಿದರೆ ಅದು ನುಡಿಯುವ ಸಾಕ್ಷ್ಯ ಬೇರೆ.

ಸಿದ್ದಾಪುರ ತಾಲ್ಲೂಕಿನ ನಮ್ಮ ಹೇರೂರಿನ ಕಡೆ ಅಡಿಕೆತೋಟದ ಮನೆಗಳಿಗೆ ನಾಯಿಯಿಲ್ಲದೆ ನಡೆಯದು. ಅದು ಹಗಲು ಮಂಗಗಳನ್ನು ಅಟ್ಟಬೇಕು, ಇರುಳು ಕಾಡುಹಂದಿಯ ಸುಳಿವು ಹಿಡಿಯಬೇಕು. ಇದರ ನಡುವೆ ಚಿರತೆಯ ಬಾಯಿಗೆ ತಾನೇ ತುತ್ತಾಗದಂತೆಯೂ ನೋಡಿಕೊಳ್ಳಬೇಕು. ಅಂಗಳದ ಅಂಚಿನಲ್ಲಿ ಮಲಗಿದ ಅಂಥ ನಾಯಿಯನ್ನು ಗಮನಿಸಿ. ಒಣಗಿದ ಸೋಗೆ ಸರಕ್ಕೆಂದರೆ ಸಾಕು, ಕಿವಿ ನಿಮಿರುತ್ತದೆ. ಪರಿಚಿತ ಹೆಜ್ಜೆಯಾದರೆ ಕಣ್ಣನ್ನೂ ತೆರೆಯದೆ, ಬಾಲವನ್ನೊಮ್ಮೆ ನೆಲಕ್ಕೆ ಬಡಿದು ಸುಮ್ಮನಾಗುತ್ತದೆ. ಇಷ್ಟನ್ನೇ ಕಂಡವರು ಅದಕ್ಕೆ ನಿದ್ರೆಯೇ ಇಲ್ಲವೆನ್ನುತ್ತಾರೆ. ಆದರೆ ಜಗಲಿಯ ಮೇಲೆ, ಚಪ್ಪರದ ನೆರಳಿನಲ್ಲಿ, ಬಚ್ಚಲೊಲೆಯ ಬೂದಿಯ ಬಳಿ ತುಣುಕು ತುಣುಕಾಗಿ ಪಡೆದುದನ್ನೆಲ್ಲ ಕೂಡಿಸಿದರೆ, ನಾಯಿಯ ನಿದ್ರೆ ಸಾಮಾನ್ಯವಾಗಿ ದಿನಕ್ಕೆ 10 ಗಂಟೆಗೂ ಮಿಕ್ಕುತ್ತದೆ. ಅದರ ನಿದ್ರೆ ತೆಳು. ಮೊತ್ತದಲ್ಲಿ ಕಡಿಮೆಯೇನೂ ಅಲ್ಲ.

ನಿದ್ರಿಸುವ ಪ್ರಾಣಿ ಶತ್ರುವಿಗೆ ಸುಲಭದ ಬೇಟೆ. ಹಾಗಿದ್ದೂ ಜೀವಲೋಕ ನಿದ್ರೆಯನ್ನು ಬಿಟ್ಟುಕೊಟ್ಟಿಲ್ಲ. ಅಪಾಯದೊಡನೆ ಒಪ್ಪಂದ ಮಾಡಿಕೊಂಡಿದೆ. ಡಾಲ್ಫಿನ್ ತನ್ನ ಮಿದುಳಿನ ಒಂದು ಅರ್ಧವನ್ನು ಮಲಗಿಸಿ ಇನ್ನೊಂದರ್ಧದಿಂದ ಎಚ್ಚರವಾಗಿರುತ್ತದೆ. ಸಾಲಾಗಿ ಮಲಗಿದ ಬಾತುಗಳಲ್ಲಿ ಅಂಚಿನ ಬಾತು ಹೊರಬದಿಯ ಕಣ್ಣನ್ನು ತೆರೆದೇ ಇಡುವುದೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗಲಪಗೋಸ್ ದ್ವೀಪಗಳ ಫ್ರಿಗೇಟ್ ಹಕ್ಕಿಗಳ ಮಿದುಳಿನ ಅಲೆಗಳನ್ನು ಹಾರಾಟದಲ್ಲಿಯೇ ಅಳೆದ ಫಲಿತಾಂಶ 2016ರಲ್ಲಿ ಹೊರಬಂತು. ಹತ್ತು ದಿನಗಳವರೆಗೆ ಕಡಲಿನ ಮೇಲೆ ಹಾರುತ್ತಲೇ ಇರಬಲ್ಲ ಈ ಹಕ್ಕಿಗಳು ಗಗನದಲ್ಲಿಯೂ ದಿನಕ್ಕೆ ಸುಮಾರು 42 ನಿಮಿಷ ನಿದ್ರಿಸುತ್ತವೆ. ನೆಲಕ್ಕೆ ಮರಳಿದ ಮೇಲೆ ದಿನವೊಂದಕ್ಕೆ 12 ಗಂಟೆಗೂ ಹೆಚ್ಚು ಮಲಗುತ್ತವೆ. ನಿದ್ರೆಗೆಟ್ಟ ಹಣ್ಣುನೊಣವೂ ಮರುದಿನ ಹೆಚ್ಚು ಮಲಗಿ ಬಾಕಿ ತೀರಿಸಿಕೊಳ್ಳುವುದೆಂದು 2000ದಲ್ಲಿ ತಿಳಿದುಬಂತು. ನಿದ್ರೆಯೆಂಬುದು ಸಾಲ, ಮುಂದೂಡಬಹುದು, ಮನ್ನಾ ಮಾಡಿಸಿಕೊಳ್ಳಲಾಗದು.

ಇಷ್ಟು ಬೆಲೆ ತೆತ್ತು ಕೊಳ್ಳುವ ವಸ್ತುವಿನಿಂದ ಪ್ರಯೋಜನವೇನು? ಇದಕ್ಕೆ ನಾಯಿಯೇ ಉತ್ತರ ಹೇಳಿದೆ. ಹಂಗೆರಿಯ ವಿಜ್ಞಾನಿಗಳು ಸಾಕುನಾಯಿಗಳಿಗೆ, ತಾಯ್ನುಡಿಯಲ್ಲಿ ಅವು ಅರಿತಿದ್ದ ‘ಕುಳಿತುಕೋ’, ‘ಮಲಗು’ ಎಂಬ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಕಲಿಸಿ, ಬಳಿಕ ಮಲಗಿಸಿ ಮಿದುಳಿನ ವಿದ್ಯುದಲೆಗಳನ್ನು ದಾಖಲಿಸಿದರು. ಪಾಠ ಕಲಿತ ನಂತರದ ನಿದ್ರೆಯ ಅಲೆಗಳು ಪಾಠವಿಲ್ಲದ ದಿನದ ನಿದ್ರೆಯ ಅಲೆಗಳಿಗಿಂತ ಭಿನ್ನವಾಗಿದ್ದವೆಂದು 2017ರಲ್ಲಿ ವರದಿಮಾಡಿದರು. ಭಾಷೆ ಕಲಿಸುವ ವೃತ್ತಿಯ ನನಗೆ ಇದಕ್ಕಿಂತ ಸ್ವಾರಸ್ಯದ ಸುದ್ದಿ ಇನ್ನೊಂದಿಲ್ಲ. ಹಗಲು ಕಿವಿಗೆ ಬಿದ್ದ ಪದ ನೆನಪಿನ ಕಣಜ ಸೇರುವ ಕೆಲಸ ನಿದ್ರೆಯಲ್ಲಿಯೂ ಸಾಗುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳೂ ಇದನ್ನೇ ಹೇಳುತ್ತವೆ.

ಎಷ್ಟು ನಿದ್ರೆ ಎಂಬಂತೆ ಯಾವ ಹೊತ್ತಿನ ನಿದ್ರೆ ಎಂಬುದೂ ಮುಖ್ಯ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ದುಡಿದ ಎಂ. ಕೆ. ಚಂದ್ರಶೇಖರನ್ ಅವರು ಮಧುರೆಯಲ್ಲಿದ್ದಾಗ, ಸಹೋದ್ಯೋಗಿಗಳೊಡನೆ ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಸಿಸಿದರು. ಹಗಲಿರುಳು ಒಂದೇ ಕತ್ತಲೆಯಿರುವ ಗುಹೆಯಲ್ಲಿ ಸೆರೆಯಿಟ್ಟ ಬಾವಲಿಯು, ಸಂಜೆ ಹೊರಟು ಮುಂಜಾನೆ ಮರಳುವ ಬಳಗದ ಸುಳಿವಿನಿಂದಲೇ ಹೊತ್ತು ತಿಳಿಯುತ್ತಿತ್ತು. ಬಳಗ ತಪ್ಪಿದ ಒಂಟಿ ಬಾವಲಿಯ ಒಳಗಡಿಯಾರ ನಿಲ್ಲುತ್ತಿರಲಿಲ್ಲವಾದರೂ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಜಾರುತ್ತಿತ್ತು. ಇಂಥದೇ ಗಡಿಯಾರ ನಮ್ಮೊಳಗೂ ಇದೆ. ಹದಿಹರೆಯದಲ್ಲಿ ಅದು ಸಹಜವಾಗಿಯೇ ತುಸು ತಡವಾಗಿ ನಡೆಯುತ್ತದೆ. ಬೆಳಗಿನ ಮೊದಲ ಪಾಠದಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿಯೆಂದು ಜರೆಯುವ ಮುನ್ನ ಅಧ್ಯಾಪಕರು ಇದನ್ನು ನೆನೆಯುವುದು ಒಳ್ಳೆಯದು.

ಅಡಿಕೆ ಸುಲಿಯುವ ಕಾಲದಲ್ಲಿ, ಯಕ್ಷಗಾನದ ಇರುಳಿನಲ್ಲಿ ನಮ್ಮವರು ನಿದ್ರೆಗೆಟ್ಟದ್ದುಂಟು. ಮರುದಿನ ಮಧ್ಯಾಹ್ನ ಜಗಲಿಯ ಮೇಲೆ ಉರುಳಿ ಆ ಬಾಕಿಯನ್ನು ಸಲ್ಲಿಸಿದ್ದೂ ಉಂಟು. ಇಂದಿನ ವಿದ್ಯಾರ್ಥಿಗೆ ಆ ಮಧ್ಯಾಹ್ನ ದೊರೆಯುತ್ತಿಲ್ಲ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಅದನ್ನು ಕಸಿದುಕೊಂಡು ಓದಿಸುವುದೆಂದರೆ, ಬಿತ್ತಿದ ಬೀಜವನ್ನು ಮೊಳೆಯುವ ಮೊದಲೇ ಕೆದಕಿದಂತೆ. ಕರೆದರೆ ಥಟ್ಟನೆ ಏಳುವ ಎಚ್ಚರ ವಿದ್ಯಾರ್ಥಿಗೆ ಇರಲಿ. ಅದರ ಜೊತೆಗೆ ಹೊಟ್ಟೆತುಂಬ ನಿದ್ರೆಯೂ ಇರಲಿ. ನಾಯಿಯಿಂದ ಕಲಿಯುವುದಾದರೆ ಎರಡನ್ನೂ ಕಲಿಯಬೇಕು.