ತೋಟಕ್ಕೆ ಆಳಿಲ್ಲ, ಘಾಟಿಗೆ ಲಾರಿಯಿಲ್ಲ

ಕೊಡಗಿನ ಕಾಫಿ ಗಿಡದಿಂದ ಹಡಗಿಗೆ ಸೇರುವಷ್ಟರಲ್ಲಿ ಎರಡು ಕಡೆ ಜನರ ಕೊರತೆಯನ್ನು ದಾಟಬೇಕಾಗಿದೆ. ತೋಟದಲ್ಲಿ ಹಣ್ಣು ಕೊಯ್ಯುವವರು, ಮರ ಹತ್ತುವವರು ಸಾಲುತ್ತಿಲ್ಲ. ರಸ್ತೆಯಲ್ಲಿ ಲಾರಿ ಓಡಿಸುವವರು ಸಿಗುತ್ತಿಲ್ಲ. ಇದರ ಮೇಲೆ, ಮಳೆಗಾಲದಲ್ಲಿ ರಸ್ತೆಯೇ ಭಾರಿ ವಾಹನಗಳಿಗೆ ಮುಚ್ಚುತ್ತದೆ. 4,102 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದವರು ಸುಮಾರು 5.54 ಲಕ್ಷ ಜನ. ರಾಜ್ಯದಲ್ಲೇ ಅತಿ ಕಡಿಮೆ. ಆದರೆ ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬೆಳೆಯುವುದು ಇಲ್ಲೇ. ಜಿಲ್ಲೆಯೊಳಗೆ ರೈಲು ಹಳಿಯಿಲ್ಲ. ಅಕ್ಕಿ, ಗೊಬ್ಬರ, ಸಿಮೆಂಟು ಮೇಲೆ ಬರಬೇಕಾದರೂ ಕಾಫಿ, ಕರಿಮೆಣಸು ಕೆಳಗಿಳಿಯಬೇಕಾದರೂ ಲಾರಿಯೇ ಬೇಕು.

ಆಳಿನ ಕೊರತೆ ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ರೋಬಸ್ಟಾ ಹಣ್ಣಾಗುವುದು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಅದರ ಬೆನ್ನಿಗೇ ಕರಿಮೆಣಸು. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಬೇಕು. ಹಾಗೆ ನೀರು ಕೊಡುವ ಮೊದಲು ಗಿಡದಲ್ಲಿ ಹಣ್ಣು ಉಳಿದಿರಬಾರದು. ಹಣ್ಣು ಇರುವ ಗಿಡದಲ್ಲಿ ಹೂ ಬಿಟ್ಟರೆ ಕೊಯ್ಯುವಾಗ ಮುಂದಿನ ವರ್ಷದ ಫಸಲೇ ಉದುರಿ ನೆಲಕ್ಕೆ ಬೀಳುತ್ತದೆ. ಹೀಗಾಗಿ ನಾಲ್ಕೈದು ತಿಂಗಳಿನ ಕೆಲಸ ಒಂದರ ಮೇಲೊಂದು ಬಂದು ಬೀಳುತ್ತದೆ, ಅದೂ ಜಿಲ್ಲೆಯ ಎಲ್ಲ ತೋಟಗಳಲ್ಲಿ ಒಂದೇ ಸಲಕ್ಕೆ.

ಅರೇಬಿಕಾ ಇನ್ನೂ ನಾಜೂಕು. ಅದರ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಬಂದು ಕೆಂಪಾದದ್ದನ್ನಷ್ಟೇ ಆರಿಸಿ ಕೊಯ್ಯಬೇಕು. ಒಂದು ಸುತ್ತಿಗೆ ಆಳು ಸಿಗದಿದ್ದರೆ ಹಣ್ಣು ಕಪ್ಪಾಗಿ ಉದುರುತ್ತದೆ. 2021ರಲ್ಲಿ ಜನವರಿಯಲ್ಲೂ ಮತ್ತೆ ನವೆಂಬರ್‌ನಲ್ಲೂ ಅಕಾಲದ ಮಳೆ ಸುರಿದಾಗ ಮಾಗಿದ ಹಣ್ಣು ಒಡೆದು ಬಿತ್ತು, ಕಣದಲ್ಲಿ ಹರವಿದ್ದ ಕಾಫಿ ಒಣಗದೆ ಬೂಷ್ಟು ಹಿಡಿಯಿತು. ಅಂಥ ವಾರಗಳಲ್ಲಿ ಗಿಡದ್ದನ್ನು ಕೊಯ್ಯಲು ಒಂದಷ್ಟು ಆಳು, ನೆಲದ್ದನ್ನು ಹೆಕ್ಕಲು ಇನ್ನೊಂದಷ್ಟು ಆಳು ಬೇಕಾಗುತ್ತದೆ. ಹೆಕ್ಕದೆ ಬಿಟ್ಟರೆ ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಕಾಣಿಸಿಕೊಂಡು ಮುಂದೆ ಕೊಡಗಿಗೂ ಹಬ್ಬಿದ ಕಾಯಿಕೊರಕ ಕೀಟ, ಗಿಡದಲ್ಲೂ ನೆಲದಲ್ಲೂ ಉಳಿದ ಒಣಹಣ್ಣಿನೊಳಗೆ ಬದುಕಿದ್ದು ಹೊಸ ಕಾಯಿಗೆ ದಾಟುತ್ತದೆ. ಒಂದು ಹಣ್ಣನ್ನೂ ಬಿಡದೆ ಕೊಯ್ಯಿರಿ, ಉದುರಿದ್ದನ್ನು ಹೆಕ್ಕಿರಿ ಎಂದು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಈ ಸಲಹೆ ಪಾಲಿಸಲು ಮೊದಲು ಬೇಕಾದದ್ದು ಆಳು.

ಈ ಕೊರತೆ ಇತ್ತೀಚಿನದು ಎಂಬ ಮಾತು ತೋಟಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಅಂದಿನಿಂದಲೂ ತೋಟಗಳು ನಡೆದದ್ದು ಹೊರಗಿನಿಂದ ಬಂದ ಕೆಲಸಗಾರರಿಂದ: ಮೈಸೂರಿನ ಬಯಲುಸೀಮೆಯವರು, ಮಲಬಾರಿನವರು, ತಮಿಳರು. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದ. ಮುಂಗಡ ಪಡೆದು ಕೆಲಸ ಬಿಟ್ಟು ಹೋದರೆ ಅದು 1859ರ ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧ. 1920ರ ದಶಕದಲ್ಲಿ ಆ ಕಾನೂನನ್ನು ಕೈಬಿಟ್ಟಾಗ ಕೊಡಗಿಗೆಂದೇ 1926ರಲ್ಲಿ ಪ್ರತ್ಯೇಕ ಕಾರ್ಮಿಕ ಕಾಯ್ದೆ ಬಂತು. ಬಿಟ್ಟು ಹೋಗುವವರನ್ನು ತಡೆಯಲು ಕಾನೂನೇ ಬೇಕಾಯಿತು ಎಂದರೆ, ತಾವಾಗಿ ಉಳಿಯುವಂಥ ಬದುಕು ಅಲ್ಲಿರಲಿಲ್ಲ ಎಂದೇ ಅರ್ಥ.

ಸ್ಥಳೀಯರಾದ ಯರವ, ಜೇನುಕುರುಬ, ಬೆಟ್ಟಕುರುಬ, ಪಣಿಯ ಸಮುದಾಯಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಹಲವು ಕುಟುಂಬಗಳು ತಲೆತಲಾಂತರದಿಂದ ಒಡೆಯರ ತೋಟಗದ್ದೆಗಳಿಗೇ ಕಟ್ಟುಬಿದ್ದಿದ್ದವು. 1976ರ ಜೀತ ನಿರ್ಮೂಲನ ಕಾಯ್ದೆ ಆ ಕಟ್ಟನ್ನು ಕಾಗದದ ಮೇಲೆ ಬಿಡಿಸಿತು. ಆದರೆ ಲೈನ್‌ಮನೆ ಎಂಬ ತೋಟದ ಸಾಲುಮನೆಗಳಲ್ಲಿ ಇರುವವರಿಗೆ ಮನೆ, ಕೆಲಸ ಎರಡೂ ಒಬ್ಬರ ಕೈಯಲ್ಲೇ ಉಳಿದವು. ಕೆಲಸ ಹೋದರೆ ಮನೆಯೂ ಹೋಗುತ್ತದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಅರಣ್ಯದಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು ತೆರವುಗೊಳಿಸಿದಾಗ ಇಡೀ ರಾಜ್ಯಕ್ಕೆ ಈ ವಿಷಯ ತಿಳಿಯಿತು. ಅವರಲ್ಲಿ ಅನೇಕರು ಲೈನ್‌ಮನೆಗಳಿಂದ ಹೊರಬಂದವರು, ಸ್ವಂತಕ್ಕೆ ಒಂದು ತುಂಡು ನೆಲ ಕೇಳಿದವರು. ದೀರ್ಘ ಹೋರಾಟದ ನಂತರ ಕುಶಾಲನಗರದ ಸುತ್ತಮುತ್ತ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ಕಟ್ಟಿಕೊಡಲಾಯಿತು. ಕೊಡಗಿನ ಕೂಲಿ ಕೊರತೆಯ ಬಗ್ಗೆ ಮಾತಾಡುವವರು ದಿಡ್ಡಳ್ಳಿಯನ್ನು ಬಿಟ್ಟು ಮಾತಾಡಿದರೆ ಅರ್ಧ ಮಾತ್ರ ಹೇಳಿದಂತೆ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರು ಮನೆ, ಕುಡಿಯುವ ನೀರು, ಶಿಶುವಿಹಾರ, ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು ವಿಧಿಸಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಹಾಗೂ 15 ಕಾರ್ಮಿಕರು ಅಥವಾ ಅದಕ್ಕಿಂತ ಹೆಚ್ಚು ಇರುವ ತೋಟಗಳಿಗೆ. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣ ಬೆಳೆಗಾರರದು. ಅವರಲ್ಲಿ ಅನೇಕರಿಗೆ ಈ ಹೊಣೆಯೂ ಇರಲಿಲ್ಲ, ಹೊರುವ ಶಕ್ತಿಯೂ ಇರಲಿಲ್ಲ.

ಪಡಿತರದ ಅಕ್ಕಿಯಿಂದ ಜನ ಕೆಲಸಕ್ಕೆ ಬರುತ್ತಿಲ್ಲ ಎಂಬ ದೂರು 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದಾಗಿನಿಂದ ಇದೆ. ಹಸಿವಿನ ಹೆದರಿಕೆ ಇಲ್ಲದವರು ಕಡಿಮೆ ಕೂಲಿಗೆ ಒಲ್ಲೆ ಎನ್ನಬಲ್ಲರು ಎಂಬುದು ನಿಜ, ಮತ್ತು ಅದು ಒಳ್ಳೆಯದೇ. ಹೆಚ್ಚು ತೂಕದ ಕಾರಣಗಳು ಬೇರೆ ಇವೆ. ಲೈನ್‌ಮನೆಯ ಮಕ್ಕಳು ಶಾಲೆ ಕಲಿತು ಮೈಸೂರು, ಬೆಂಗಳೂರಿಗೆ ಹೋದರು. ಹೋಂಸ್ಟೇ, ರೆಸಾರ್ಟ್, ಟ್ಯಾಕ್ಸಿಗಳು ಊರಲ್ಲೇ ಬೇರೆ ಸಂಪಾದನೆ ತೋರಿಸಿದವು. ತೋಟದೊಳಗೆ ಕಾಡಾನೆ ನಿಂತಿದೆಯೆಂದು ತಿಳಿದರೆ ಬೆಳಗಿನ ಕೆಲಸ ತಡವಾಗುತ್ತದೆ. ಆನೆ ದಾಳಿಗೆ ಕಾರ್ಮಿಕರು ಬಲಿಯಾದ ಸುದ್ದಿ ವರ್ಷ ವರ್ಷವೂ ಬರುತ್ತದೆ.

ತೆರವಾದ ಜಾಗಕ್ಕೆ ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಬಿಹಾರಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಕೊಯ್ಲಿನ ಕಾಲದಲ್ಲಿ ಸಿದ್ದಾಪುರ, ಗೋಣಿಕೊಪ್ಪದ ಸಂತೆಗಳಲ್ಲಿ ಹಿಂದಿ, ಬಂಗಾಳಿ ಕಿವಿಗೆ ಬೀಳುವುದು ಸಾಮಾನ್ಯ. ಕೆ.ಜಿ. ಲೆಕ್ಕದಲ್ಲಿ ಕೊಯ್ದು, ಸಂಸಾರ ಸಮೇತ ದುಡಿದು ಒಂದಿಷ್ಟು ಕಟ್ಟಿಕೊಂಡು ಅವರು ಹಿಂದಿರುಗುತ್ತಾರೆ. ಈ ಏರ್ಪಾಡು ಎಷ್ಟು ಸೂಕ್ಷ್ಮ ಎಂಬುದು 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಕಂಡಿತು. ರೋಬಸ್ಟಾ ಕೊಯ್ಲು ಬಹುಮಟ್ಟಿಗೆ ಮುಗಿದಿತ್ತು, ಮೆಣಸು ಬಳ್ಳಿಯಲ್ಲೇ ಇತ್ತು. ಊರಿಗೆ ಹೋಗಲಾಗದೆ ಕೆಲವರು ಉಳಿದರು, ಬರಬೇಕಾದವರು ಬರಲಿಲ್ಲ. ಈಚೆಗೆ ಗುರುತಿನ ದಾಖಲೆಗಳ ತಪಾಸಣೆ ಬಿಗಿಯಾಗಿದೆ. ತಪಾಸಣೆ ತಪ್ಪಲ್ಲ, ಆದರೆ ಬಂಗಾಳಿ ಮಾತಾಡುವವರನ್ನೆಲ್ಲ ವಿದೇಶಿಯರೆಂದು ಶಂಕಿಸುವ ಊರಿಗೆ ಮುಂದಿನ ವರ್ಷ ಅವರು ಬರಲೇಬೇಕೆಂದಿಲ್ಲ.

ಕೊಯ್ಲಿಗೆ ಹೊಸಬರನ್ನು ಒಂದೆರಡು ದಿನದಲ್ಲಿ ತಯಾರು ಮಾಡಬಹುದು. ಮರದ ಕೊಂಬೆ ಸವರುವ ಕಪಾತಿಗೆ ಹಾಗಾಗುವುದಿಲ್ಲ. ಕೊಡಗಿನ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ: ಹಾಲುವಾಣ, ಸಿಲ್ವರ್ ಓಕ್, ನಂದಿ, ಹಲಸು, ಕಾಡುಮರಗಳು. ಮಳೆಗಾಲಕ್ಕೆ ಮೊದಲು ಕೊಂಬೆ ಸವರಿ ಬೆಳಕು, ಗಾಳಿ ಕೆಳಗಿಳಿಯುವಂತೆ ಮಾಡಬೇಕು. ನೆರಳು ದಟ್ಟವಾಗಿ ಉಳಿದರೆ ಜುಲೈ, ಆಗಸ್ಟ್‌ನ ಎಡೆಬಿಡದ ಮಳೆಯಲ್ಲಿ ಎಲೆ, ಕಾಯಿಗಳಿಗೆ ಕೊಳೆರೋಗ ಹಿಡಿಯುತ್ತದೆ. ಅತಿಯಾಗಿ ಸವರಿದರೆ ಬೇಸಗೆಯ ಬಿಸಿಲಿಗೆ ಗಿಡ ಬಾಡುತ್ತದೆ. ಯಾವ ಕೊಂಬೆ ತೆಗೆಯಬೇಕು, ಕಾಫಿ ಗಿಡದ ಮೇಲೆ ಬೀಳದಂತೆ ಅದನ್ನು ಹೇಗೆ ಇಳಿಸಬೇಕು ಎಂಬುದನ್ನು ಮರದ ಮೇಲೆ ನಿಂತವನೇ ನಿರ್ಧರಿಸಬೇಕು. ಮೆಣಸು ಕೊಯ್ಯುವವರು ಬಿದಿರಿನ ಏಣಿ ಒರಗಿಸಿ ನಲವತ್ತು ಐವತ್ತು ಅಡಿ ಎತ್ತರದಲ್ಲಿ ಗೊಂಚಲು ಬಿಡಿಸುತ್ತಾರೆ. ಒದ್ದೆ ಮರದಿಂದ ಜಾರಿ, ಏಣಿ ವಿದ್ಯುತ್ ತಂತಿಗೆ ತಾಗಿ ಸತ್ತವರಿದ್ದಾರೆ. ಈ ಕಸುಬನ್ನು ಯಾವ ಐಟಿಐಯೂ ಕಲಿಸುವುದಿಲ್ಲ. ಅಪ್ಪನನ್ನು ನೋಡಿ ಮಗ ಕಲಿಯುತ್ತಿದ್ದ. ಈಗ ಮಗ ಹತ್ತುವುದಿಲ್ಲ. ಇಷ್ಟು ನುರಿತ ಕೆಲಸವನ್ನು ಕೂಲಿಯ ಪಟ್ಟಿಯಲ್ಲೇ ಇಟ್ಟದ್ದು, ಸುರಕ್ಷಾ ಬೆಲ್ಟ್ ಮತ್ತು ಅಪಘಾತ ವಿಮೆಯನ್ನು ಉಪಕಾರದಂತೆ ಕಂಡದ್ದು ದೊಡ್ಡ ತಪ್ಪು. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ರಿಪೇರಿ ಮಾಡುವವರು, ಪಂಪ್‌ಸೆಟ್ ಮೆಕ್ಯಾನಿಕ್‌ಗಳು, ಮಳೆಗಾಳಿಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳು, ಇವರ ಅಭಾವವೂ ಸರಿಸುಮಾರು ಇದೇ ಬಗೆಯದು.

ಲಾರಿ ಚಾಲಕರ ವಿಷಯ ಕೊಡಗಿಗೆ ಮಾತ್ರ ಸೇರಿದ್ದಲ್ಲ. ದೇಶದುದ್ದಕ್ಕೂ ಚಾಲಕರಿಲ್ಲದೆ ಲಾರಿಗಳು ನಿಲ್ಲುತ್ತಿವೆ ಎಂದು ಮಾಲೀಕರ ಸಂಘಗಳು ಹೇಳುತ್ತಿವೆ. ಭಾರಿ ವಾಹನದ ಪರವಾನಗಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿದ್ದಕ್ಕೆ ಕೊರತೆಯೂ ಒಂದು ಕಾರಣ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಹೆದ್ದಾರಿಯಲ್ಲಿ ಅದು ನಡೆದದ್ದು ಕಡಿಮೆ. ಅಪಘಾತ ಮಾಡಿ ಪರಾರಿಯಾದರೆ 10 ವರ್ಷದವರೆಗೆ ಸೆರೆವಾಸ ಎಂಬ ಭಾರತೀಯ ನ್ಯಾಯ ಸಂಹಿತೆಯ ಕಲಮನ್ನು ವಿರೋಧಿಸಿ 2024ರ ಜನವರಿಯಲ್ಲಿ ಚಾಲಕರು ಲಾರಿ ನಿಲ್ಲಿಸಿದರು. ನಿಂತರೆ ಜನ ಹೊಡೆಯುತ್ತಾರೆ, ಹೋದರೆ ಕಾನೂನು ಹಿಡಿಯುತ್ತದೆ ಎಂಬುದು ಅವರ ಅಳಲು. ಆ ಕಲಮಿನ ಜಾರಿಯನ್ನು ಸರ್ಕಾರ ತಡೆಹಿಡಿಯಿತು.

ಕೊಡಗಿನಲ್ಲಿ ಇದಕ್ಕೆ ಘಾಟಿಯ ಕಷ್ಟ ಸೇರುತ್ತದೆ. ಒಣಗಿದ ಕಾಫಿ ಮೊದಲು ಕೂಡ್ಲೂರು, ಹುಣಸೂರಿನಂಥ ಕಡೆಗಳ ಕ್ಯೂರಿಂಗ್ ಘಟಕಗಳಿಗೆ ಹೋಗಿ, ಸಿಪ್ಪೆ ಬಿಡಿಸಿ, ಗಾತ್ರದ ಪ್ರಕಾರ ಬೇರೆಯಾಗಿ, ಕಂಟೇನರ್ ತುಂಬಿ ಬಂದರಿಗೆ ಹೊರಡುತ್ತದೆ. ಮಡಿಕೇರಿಯಿಂದ ಸಂಪಾಜೆಯ ಮೂಲಕ ಮಂಗಳೂರಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಹತ್ತಿರದ ದಾರಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಜನ ಸತ್ತರು, ರಸ್ತೆ ಕೊಚ್ಚಿ ಹೋಯಿತು. ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ದಾರಿಯಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಯೂ ಕುಸಿದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಮಾಕುಟ್ಟ ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಲಾಯಿತು.

ಈಗ ಮಳೆಗಾಲ ಬಂದರೆ ಜಿಲ್ಲಾಡಳಿತ ಭಾರಿ ಸರಕು ವಾಹನಗಳನ್ನು ನಿಷೇಧಿಸುವುದು ವಾಡಿಕೆ. ಈಚಿನ ಆದೇಶಗಳಲ್ಲಿ ಒಟ್ಟು ತೂಕ 18,500 ಕೆ.ಜಿ. ಮೀರುವ ವಾಹನ, ಮರ ಮತ್ತು ಮರಳು ಸಾಗಿಸುವ ಲಾರಿ, ಬುಲೆಟ್ ಟ್ಯಾಂಕರ್, ಹಡಗಿನ ಕಂಟೇನರ್, ಉದ್ದ ಚಾಸಿಯ ಲಾರಿಗಳಿಗೆ ತಡೆಯಿದೆ. ಇಪ್ಪತ್ತು ಅಡಿಯ ಒಂದು ಕಂಟೇನರ್‌ನಲ್ಲಿ ಕಾಫಿಯೇ ಸುಮಾರು 19 ಟನ್ ಇರುತ್ತದೆ. ಅಂದರೆ ಮಂಗಳೂರಿಗೆ ಹೋಗುವ ಲಾರಿ ಹಾಸನಕ್ಕೆ ಸುತ್ತಿ ಶಿರಾಡಿ ಘಾಟಿ ಹಿಡಿಯಬೇಕು. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ಶಿರಾಡಿಯಲ್ಲೂ ಗುಡ್ಡ ಜಾರಿತು. ಕಡಗರವಳ್ಳಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ನಿಷೇಧವನ್ನು ದೂರುವಂತಿಲ್ಲ, ಅದು ಜೀವ ಉಳಿಸುವ ಕ್ರಮ. ಆದರೆ ಬಾಡಿಗೆ ಸಿಗುವುದು ಟ್ರಿಪ್ ಲೆಕ್ಕದಲ್ಲಿ. ಘಾಟಿ ತೆರೆಯಲೆಂದು ಕಾದ ದಿನಕ್ಕೆ ಚಾಲಕನಿಗೆ ಸಂಬಳ ಕೊಡುವವರು ವಿರಳ.

ಬಂದರಿನ ಆಚೆಗೂ ಅಡಚಣೆಗಳಿವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಎರಡು ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾ ದೊಡ್ಡ ಗಿರಾಕಿಗಳು. 2021ರಲ್ಲಿ ಜಗತ್ತಿನಾದ್ಯಂತ ಖಾಲಿ ಕಂಟೇನರ್‌ಗಳಿಗೆ ಬರ ಬಂತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹೂತಿ ದಾಳಿ ಆರಂಭವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಬಳಸಿ ಹೋಗತೊಡಗಿದವು. ಪಯಣ ವಾರಗಟ್ಟಲೆ ಉದ್ದವಾಯಿತು, ಹಡಗು ಬಾಡಿಗೆ ಹಲವು ಪಟ್ಟು ಏರಿತು. ಅದೇ ಹೊತ್ತಿಗೆ ವಿಯೆಟ್ನಾಂನಲ್ಲಿ ಫಸಲು ಕುಗ್ಗಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದರಿಂದ ಕೊಡಗಿನ ಬೆಳೆಗಾರರಿಗೆ ಆ ಹೊಡೆತ ತಟ್ಟಲಿಲ್ಲ. 50 ಕೆ.ಜಿ. ಚೀಲ ರೋಬಸ್ಟಾ ಚೆರ್ರಿಗೆ, ಅಂದರೆ ಒಣಗಿಸಿದ ಹಣ್ಣಿಗೆ, 2024ರಲ್ಲಿ 10,000 ರೂಪಾಯಿ ದಾಟಿತು. ತೋಟದಲ್ಲಿ ಸುಧಾರಣೆ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇರಲಿಲ್ಲ.

ಯಂತ್ರಗಳ ಮೇಲೆ ಹಲವರು ಆಸೆ ಇಟ್ಟಿದ್ದಾರೆ. ಕಳೆ ಕೊಚ್ಚುವ ಯಂತ್ರ, ಗುಂಡಿ ತೋಡುವ ಯಂತ್ರ, ಬ್ಯಾಟರಿ ಕತ್ತರಿಗಳು ಕೆಲಸ ಹಗುರ ಮಾಡಿವೆ. ಬ್ರೆಜಿಲಿನ ಬಯಲು ತೋಟಗಳಲ್ಲಿ ಸಾಲಿನ ಮೇಲೆ ಓಡುವ ಕೊಯ್ಲು ಯಂತ್ರ ಮಾತ್ರ ಇಲ್ಲಿನ ಇಳಿಜಾರಿಗೆ, ನೆರಳು ಮರಗಳ ನಡುವಿಗೆ ಬರಲಾರದು. ಅದಕ್ಕಾಗಿ ಮರ ಕಡಿದರೆ ಕಾವೇರಿಯ ಜಲಾನಯನದ ನೆರಳೇ ಹೋಗುತ್ತದೆ. ಹಾಗಾಗಿ ಕೊಯ್ಲಿಗೆ, ಕಪಾತಿಗೆ ಜನರೇ ಬೇಕು. ಕೆಲವು ತೋಟಗಳು ಲೈನ್‌ಮನೆಗಳನ್ನು ಶೌಚಾಲಯ ಸಹಿತ ಹೊಸದಾಗಿ ಕಟ್ಟಿವೆ. ಕೆಲಸಗಾರರು ಅಲ್ಲಿಗೇ ಮರಳಿ ಬರುತ್ತಾರೆ. ಚಾಲಕರ ಮಟ್ಟಿಗೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ, ಹಳೆಯ ಲಾರಿಗಳಿಗೆ ಈ ನಿಯಮ ಇಲ್ಲ. ಲಾರಿಗೆ ಬದಲಾಗಿ, ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ರೈಲು ಮಾರ್ಗದ ಪ್ರಸ್ತಾವ ಬಹಳ ಕಾಲದಿಂದಿದೆ. ಅದು ಬಂದರೂ ಹಳಿ ನಿಲ್ಲುವುದು ಜಿಲ್ಲೆಯ ಪೂರ್ವದ ಅಂಚಿನಲ್ಲಿ. ಸಿದ್ದಾಪುರ, ನಾಪೋಕ್ಲು, ಪೊನ್ನಂಪೇಟೆಯ ಕಾಫಿ ಅಲ್ಲಿಗೆ ಬರಲು ಮತ್ತೆ ಲಾರಿಯನ್ನೇ ಹತ್ತಬೇಕಾಗುತ್ತದೆ.