ಬದುವಿನ ಆಕಾಶಬುಟ್ಟಿ

ಬೆಲ್ಲದ ಪೇಟೆಯೆಂದೇ ಹೆಸರಾದ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಸುತ್ತ ಈಗ ಎತ್ತ ನೋಡಿದರೂ ಕಬ್ಬು. ಆ ಕಬ್ಬಿನ ಹೊಲದ ಬದುವಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲೆತ್ತರದ ಒಂದು ಮೆತ್ತನೆಯ ಗಿಡ ಕಾಣಿಸಬಹುದು. ಎಲೆಯ ಬುಡದಲ್ಲಿ ಮಂಕು ಹಳದಿ ಹೂ, ಅದರ ಕೆಳಗೆ ತೂಗುಬಿದ್ದ ಹಸಿರು ಬುಡ್ಡೆಗಳು. ಗುಪ್ಪಟೆ, ಬುಡ್ಡೆಹಣ್ಣು ಎಂದು ಕನ್ನಡಿಗರು ಕರೆಯುವುದು ಇದನ್ನೇ. ಶಾಸ್ತ್ರೀಯವಾಗಿ ಫೈಸಾಲಿಸ್ ಮಿನಿಮಾ. ಬದನೆ, ಟೊಮೆಟೊ, ಮೆಣಸಿನಕಾಯಿಗಳ ಬಳಗ. ದೀಪಾವಳಿಯ ಆಸುಪಾಸಿನಲ್ಲಿ ಬುಡ್ಡೆ ಒಣಗಿ, ಐದು ಮಡಿಕೆಯ ಕಾಗದದ ಆಕಾಶಬುಟ್ಟಿಯಂತಾಗುತ್ತದೆ. ಒಳಗೊಂದು ಪುಟ್ಟ ಹಳದಿ ಹಣ್ಣು.

ಇದರ ನೆಂಟನೊಬ್ಬ ಜಗತ್ತಿನಾದ್ಯಂತ ಅಲಂಕಾರದ ಗಿಡವಾಗಿ ಮೆರೆಯುತ್ತಿದ್ದಾನೆ. ಚೀನೀ ಲಾಟೀನು ಎಂಬ ಆ ಗಿಡದ ಬುಡ್ಡೆ ಕೆಂಡದ ಬಣ್ಣದ್ದು. ಒಣಗಿದ ಮೇಲೂ ಬಣ್ಣ ಬೇಗ ಮಾಸದು. ಟೋಕಿಯೊದ ಅಸಕುಸದಲ್ಲಿ ಸೆನ್ಸೋಜಿ ದೇವಾಲಯದ ಅಂಗಳದಲ್ಲಿ ಪ್ರತಿವರ್ಷ ಜುಲೈ 9 ಮತ್ತು 10ರಂದು ಇದರದೇ ಸಂತೆ ನೆರೆಯುತ್ತದೆ. ಬದುವಿನ ಗುಪ್ಪಟೆಗೆ ಆ ಬಣ್ಣವಿಲ್ಲ. ಕಟ್ಟಡ ಮಾತ್ರ ಒಂದೇ.

ಆ ಕಟ್ಟಡವೇ ಸೋಜಿಗ. ಬುಡ್ಡೆ ಹಣ್ಣಿನ ಸಿಪ್ಪೆಯಲ್ಲ, ಹೂವಿನ ಪುಷ್ಪಪಾತ್ರೆ. ಬದನೆಕಾಯಿಯ ತೊಟ್ಟಿಗೆ ಟೊಪ್ಪಿಗೆಯಾಗಿ ಅಂಟಿಕೊಂಡಿರುತ್ತದಲ್ಲ, ಅದೇ ಭಾಗ. ಬದನೆಯಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ; ಇಲ್ಲಿ ಹೂ ಕಾಯಿಯಾಗತೊಡಗಿದೊಡನೆ ಉಬ್ಬಿ ಹಣ್ಣನ್ನೇ ನುಂಗಿಬಿಡುತ್ತದೆ. ಯಾಕೆ ಉಬ್ಬುತ್ತದೆ? 2005ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಚಾವೊಯಿಂಗ್ ಹೆ ಮತ್ತು ಹೈನ್ಸ್ ಸೇಡ್ಲರ್, ಎಂಪಿಎಫ್2 ಎಂಬ ಜೀನು ಹೂವಿನಲ್ಲಿ ಚಾಲೂ ಆದದ್ದೇ ಇದರ ಗುಟ್ಟು ಎಂದರು. ಆಲೂಗಡ್ಡೆಯಲ್ಲಿ ಅದೇ ಬಗೆಯ ಜೀನು ಎಲೆಯಲ್ಲಿ ದುಡಿಯುತ್ತದೆ. ವಿವರಣೆ ಅಚ್ಚುಕಟ್ಟಾಗಿತ್ತು. ಆಮೇಲೆ ಅಮೆರಿಕದ ಸಂಶೋಧಕರು ಕ್ರಿಸ್ಪರ್ ತಂತ್ರದಿಂದ ಆ ಜೀನನ್ನೇ ಕತ್ತರಿಸಿ ನೋಡಿದರು. ಬುಡ್ಡೆ ಎಂದಿನಂತೆ ಉಬ್ಬಿತು! 2023ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಹಳೆಯ ಉತ್ತರ ಸಡಿಲವಾಗಿದೆ. ಒಂದೇ ಜೀನಿನ ಮೇಲೆ ಇಷ್ಟು ದೊಡ್ಡ ಹೊರೆ ಹೊರಿಸಿದ್ದು ಅವಸರವೇ ಸರಿ.

ಬುಡ್ಡೆಯ ಇತಿಹಾಸವೂ ಸಣ್ಣದಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಸಿಕ್ಕ ಇಂಥದೇ ಎರಡು ಪಳೆಯುಳಿಕೆಗಳಿಗೆ 5.2 ಕೋಟಿ ವರ್ಷ. 2017ರಲ್ಲಿ ಅದು ಸುದ್ದಿಯಾದಾಗ ಬದನೆ ಬಳಗದ ವಯಸ್ಸಿನ ಲೆಕ್ಕವನ್ನೇ ಹಿಂದಕ್ಕೆ ತಳ್ಳಬೇಕಾಯಿತು. ಇಂಥ ಬುಡ್ಡೆ ಗುಪ್ಪಟೆಯೊಂದರ ಸೊತ್ತೂ ಅಲ್ಲ: ಒಣನೆಲದಲ್ಲಿ ಬೆಳೆಯುವ ಹಿರೇಮದ್ದಿನ, ಅಂದರೆ ಅಶ್ವಗಂಧದ, ಕೆಂಪು ಹಣ್ಣನ್ನು ಬಿಡಿಸಿ ನೋಡಿ, ಅಲ್ಲೂ ಇದೇ ಮುಸುಕು.

ಹಸಿರಾಗಿರುವಾಗ ಬುಡ್ಡೆ ಬಿಸಿಲು ಹಿಡಿದು ಬೆಳೆಯುವ ಕಾಯಿಗೆ ಸಕ್ಕರೆ ಒದಗಿಸುತ್ತದೆ, ಹುಳುಗಳನ್ನು ದೂರವಿಡುತ್ತದೆ. ಮುಸುಕಿನೊಳಗಿನ ಹಣ್ಣು ಬೇಗ ಕೆಡುವುದೂ ಇಲ್ಲ. ಬುಡ್ಡೆಯನ್ನು ಹಣೆಗೆ ಹೊಡೆದು ಟಪ್ಪೆನಿಸುವ ಹುಡುಗರಿಗೆ ಇದಾವುದೂ ಬೇಕಿಲ್ಲ, ಅದೂ ಸರಿಯೇ. ಒಂದು ಎಚ್ಚರಿಕೆ ಮಾತ್ರ ಅವರಿಗೆ ಹೇಳಬೇಕು: ಮುಸುಕು ಒಣಗಿ ತಾನಾಗಿ ಉದುರಿದ ಹಳದಿ ಹಣ್ಣಷ್ಟೇ ತಿನ್ನಲು ತಕ್ಕದ್ದು. ಹಸಿರು ಕಾಯಿ, ಎಲೆ, ಬುಡ್ಡೆ ಯಾವುದೂ ಬಾಯಿಗೆ ಹೋಗಬಾರದು. ಕಬ್ಬಿಗೆ ಕಳೆನಾಶಕ ಹೊಡೆದ ಹೊಲದ ಹಣ್ಣಂತೂ ಬೇಡವೇ ಬೇಡ.

ಕೆಂಪು ಲಾಟೀನಿನ ಬೀಜ ತರಿಸಿ ಬಾಗಲಕೋಟೆಯ ಬಿಸಿಲಿನಲ್ಲಿ ಬೆಳೆಸುವ ಆಸೆಯಿದ್ದವರು ಕೈಬಿಡುವುದು ಲೇಸು. ಅದು ಚಳಿ ಬೇಡುವ ಗಿಡ. ಬದಲಿಗೆ, ಕಳೆ ಕೀಳುವಾಗ ಬದುವಿನ ಒಂದೆರಡು ಗುಪ್ಪಟೆಗಳನ್ನು ಬಿಟ್ಟುಬಿಡಿ.