ಮೈಕ್ರೊಫೋನ್: ಆಯ್ಕೆಯಷ್ಟೇ ಮುಖ್ಯ ಅದರ ಸ್ಥಾನ

ವಾರ್ಷಿಕ ಮಹಾಸಭೆ, ಕಾರ್ಮಿಕರ ತರಬೇತಿ, ಹೊಸ ಉತ್ಪನ್ನದ ಬಿಡುಗಡೆ, ದೂರದ ಗ್ರಾಹಕರೊಡನೆ ವಿಡಿಯೊ ಸಮಾಲೋಚನೆ – ಇವೆಲ್ಲವುಗಳ ಯಶಸ್ಸು ಮಾತು ಸ್ಪಷ್ಟವಾಗಿ ಕೇಳಿಸುವುದನ್ನು ಅವಲಂಬಿಸಿದೆ. ಧ್ವನಿ ಸರಿಯಿಲ್ಲವೆಂಬ ದೂರು ಬಂದೊಡನೆ ಹೆಚ್ಚು ಸಾಮರ್ಥ್ಯದ ಆಂಪ್ಲಿಫೈಯರ್ ಖರೀದಿಸಲು ಮುಂದಾಗುವವರುಂಟು. ಆದರೆ ದೋಷವು ಅನೇಕ ವೇಳೆ ಸರಪಣಿಯ ಮೊದಲ ಕೊಂಡಿಯಾದ ಮೈಕ್ರೊಫೋನಿನಲ್ಲಿಯೇ ಇರುತ್ತದೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಗೊಂಡ ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ಸ್ಥಳೀಯ ಶಾಖೆಗಳಲ್ಲಿ ಧ್ವನಿತಂತ್ರಜ್ಞರು ಚರ್ಚಿಸುವ ಮೈಕ್ರೊಫೋನ್ ತಂತ್ರಗಳಲ್ಲಿ ಕೆಲವು ಉದ್ಯಮಿಗಳಿಗೂ ನೇರವಾಗಿ ಉಪಯುಕ್ತವಾಗಿವೆ.

ವಿಧಗಳು

ಡೈನಮಿಕ್ ಮೈಕ್ರೊಫೋನಿನಲ್ಲಿ ಧ್ವನಿಯ ಒತ್ತಡದಿಂದ ತಂತಿಸುರುಳಿಯೊಂದು ಕಾಂತಕ್ಷೇತ್ರದಲ್ಲಿ ಚಲಿಸಿ ವಿದ್ಯುತ್ ಸಂಕೇತ ಉಂಟಾಗುತ್ತದೆ. ಇದು ಗಟ್ಟಿಮುಟ್ಟಾಗಿದ್ದು, ಇದಕ್ಕೆ ಪ್ರತ್ಯೇಕ ವಿದ್ಯುತ್ ಬೇಕಿಲ್ಲ. ಕಂಡೆನ್ಸರ್ ಮಾದರಿಯು ಹೆಚ್ಚು ಸೂಕ್ಷ್ಮಗ್ರಾಹಿ. ಅದಕ್ಕೆ ಸಾಮಾನ್ಯವಾಗಿ ಮಿಕ್ಸರಿನಿಂದ 48 ವೋಲ್ಟ್ ‘ಫ್ಯಾಂಟಮ್ ಪವರ್’ ಒದಗಿಸಬೇಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮಾದರಿಯು ವಿದ್ಯುದಾವೇಶವನ್ನು ಶಾಶ್ವತವಾಗಿ ಹಿಡಿದಿಡುವ ಪೊರೆಯನ್ನು ಬಳಸಿ ಈ ಉಪಕರಣವನ್ನು ಪುಟ್ಟದಾಗಿಯೂ ಅಗ್ಗವಾಗಿಯೂ ಮಾಡಿತು. ಉಡುಪಿಗೆ ಸಿಕ್ಕಿಸುವ ಮೈಕ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ.

ದೂರ ಮತ್ತು ದಿಕ್ಕು

ತೆರೆದ ಸ್ಥಳದಲ್ಲಿ ಬಾಯಿಗೂ ಮೈಕ್‌ಗೂ ಇರುವ ದೂರ ಇಮ್ಮಡಿಯಾದಂತೆ ಧ್ವನಿಮಟ್ಟ 6 ಡೆಸಿಬಲ್ ಕುಸಿಯುತ್ತದೆ. 15 ಸೆಂಟಿಮೀಟರ್ ದೂರದಲ್ಲಿದ್ದ ಮೈಕ್ 60 ಸೆಂಟಿಮೀಟರಿಗೆ ಸರಿದರೆ ನಷ್ಟ 12 ಡೆಸಿಬಲ್. ಸಭಾಂಗಣದ ಪ್ರತಿಧ್ವನಿ ಮಾತ್ರ ಹಾಗೆಯೇ ಉಳಿಯುವುದರಿಂದ ಮಾತು ಅಸ್ಪಷ್ಟವಾಗುತ್ತದೆ. ಆಂಪ್ಲಿಫೈಯರಿನ ಮಟ್ಟ ಏರಿಸಿದರೆ ಕರ್ಕಶ ಶಿಳ್ಳೆ ಹುಟ್ಟುವುದೇ ಹೊರತು ಸ್ಪಷ್ಟತೆ ಬಾರದು.

ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂಬದಿಯ ಧ್ವನಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಸ್ಪೀಕರುಗಳು ಅದರ ಹಿಂದೆ ಬರುವಂತೆ ವ್ಯವಸ್ಥೆ ಮಾಡಬೇಕು. ಭಾಷಣಕಾರರು ಅದರ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ಗುಣವೇ ನಷ್ಟವಾಗುತ್ತದೆ. ತೆರೆದಿರುವ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಶಿಳ್ಳೆ ಬಾರದಂತೆ ಬಳಸಬಹುದಾದ ಮಟ್ಟ ಸುಮಾರು 3 ಡೆಸಿಬಲ್ ಇಳಿಯುತ್ತದೆ. ವೇದಿಕೆಯ 8 ಮೈಕ್‌ಗಳೂ ತೆರೆದಿದ್ದರೆ ನಷ್ಟ 9 ಡೆಸಿಬಲ್. ಮಾತನಾಡುವವರ ಮೈಕ್ ಒಂದನ್ನೇ ತೆರೆದಿಡುವುದು ಖರ್ಚಿಲ್ಲದ ಪರಿಹಾರ. ಎರಡು ಮೈಕ್‌ಗಳ ನಡುವಣ ಅಂತರವು ಬಾಯಿಗೂ ಮೈಕ್‌ಗೂ ಇರುವ ದೂರದ ಕನಿಷ್ಠ 3 ಪಟ್ಟು ಇರಬೇಕೆಂಬುದು ಇನ್ನೊಂದು ಪರಿಚಿತ ಸೂತ್ರ.

ಕಾರ್ಖಾನೆಯಲ್ಲಿ ಉಪಯೋಗ

ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ವಸತಿ ಪ್ರದೇಶಕ್ಕೆ ಹೊಂದಿಕೊಂಡ ಸಣ್ಣ ಘಟಕಗಳಿಗೆ ನೆರೆಹೊರೆಯ ದೂರು ಎದುರಾದಾಗ ನಂಬಲರ್ಹ ಅಳತೆಯೇ ಆಧಾರ. ಧ್ವನಿಮಟ್ಟ ಮಾಪಕದ ಮೈಕ್ರೊಫೋನನ್ನು 1000 ಹರ್ಟ್ಜ್, 94 ಡೆಸಿಬಲ್ ನೀಡುವ ಕ್ಯಾಲಿಬ್ರೇಟರಿನಿಂದ ಮೊದಲು ಪರಿಶೀಲಿಸಬೇಕು. ಮೊಬೈಲ್ ಫೋನಿನ ಅಳತೆಯನ್ನು ಅಂದಾಜಿಗಷ್ಟೇ ಬಳಸುವುದು ಲೇಸು.

ಖರೀದಿಗೆ ಮುನ್ನ

ಮಾರಾಟಗಾರರಿಂದ ದಿಕ್ಕುಗ್ರಹಣದ ನಕ್ಷೆಯನ್ನೂ ಆವರ್ತನ ನಕ್ಷೆಯನ್ನೂ ಕೇಳಿ ಪಡೆಯಿರಿ. ಉದ್ದನೆಯ ತಂತಿ ಎಳೆಯಬೇಕಾದಲ್ಲಿ ಹೊರಗಿನ ವಿದ್ಯುತ್ ಗದ್ದಲವನ್ನು ತಗ್ಗಿಸುವ ಬ್ಯಾಲೆನ್ಸ್ಡ್ ಕೇಬಲ್ಲನ್ನೇ ಆರಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಅಂಗಡಿಯಲ್ಲಿ ಕೇಳಿದ್ದನ್ನು ನೆಚ್ಚದೆ ನಿಮ್ಮದೇ ಸಭಾಂಗಣದಲ್ಲಿ, ನಿಮ್ಮದೇ ಸ್ಪೀಕರುಗಳೊಡನೆ ಪರೀಕ್ಷಿಸಿ ನೋಡಿರಿ. ಮೈಕನ್ನು ಒಂದು ಗೇಣು ಹತ್ತಿರ ತರುವುದರಿಂದಲೇ ಕೊರತೆ ನೀಗುವುದಾದರೆ ಹೊಸ ಆಂಪ್ಲಿಫೈಯರಿನ ಹಣ ಉಳಿತಾಯವಾದಂತೆಯೇ ಸರಿ.